ತಳ್ಳಲು ಬಿಡದ ಪಳನಿಯಣ್ಣ

ಜನ್ನಾಪುರದ ನಮ್ಮ ಬೀದಿಯ ಮೆಕ್ಯಾನಿಕ್ ಪಳನಿಯಣ್ಣ, ಕೆಟ್ಟು ನಿಂತ ಕಾರಿನ ಬಾನೆಟ್ಟಿಗೆ ಕೈಹಾಕುವ ಮೊದಲು ಮನೆಮಂದಿಯನ್ನೆಲ್ಲ ಹೊರಗೆ ಕರೆಯುತ್ತಿದ್ದರು. “ಕೊನೆ ಸಲ ಸ್ಟಾರ್ಟ್ ಆದಾಗ ಯಾರ್ಯಾರು ಎಲ್ಲೆಲ್ಲಿ ಕೂತಿದ್ರಿ? ಹಂಗೇ ಕೂತ್ಕೊಳ್ಳಿ!” ಒಲೆಯ ಮೇಲೆ ಹಾಲಿಟ್ಟು ಬಂದವರೂ ಬಾಯಿಮುಚ್ಚಿಕೊಂಡು ಹತ್ತಿ ಕೂರಬೇಕು. ಅದೂ ಹೋಗಲಿ, ಯಾರಾದರೂ ಕಾರು ತಳ್ಳಲು ಹೋದರೆ ಮನುಷ್ಯ ಕೆಂಡವಾಗುತ್ತಿದ್ದರು. “ಏಯ್, ತಳ್ಳಬೇಡ್ರೋ! ತಳ್ಳಿದ್ರೆ ಗಾಡಿ ಹೊರಡುತ್ತೆ, ಕಾಯಿಲೆ ಒಳಗೇ ಅಡಗಿ ಕೂರುತ್ತೆ. ಆಮೇಲೆ ಎಲ್ಲಿ ಅಂತ ಹುಡುಕ್ಲಿ?”

ನನ್ನ ಮದುವೆಯ ಬೆಳಿಗ್ಗೆ ನೆಂಟರ ಬಸ್ಸು ಶಿವಮೊಗ್ಗದ ಛತ್ರಕ್ಕೆ ಮುಂಚೆಯೇ ಹೋಗಿತ್ತು. ಮಗ ತಮ್ಮ ಕಾರಿನಲ್ಲೇ ಹೋಗಬೇಕೆಂಬುದು ಅಪ್ಪನ ಹಟ. ಆ ಮುದಿ ಕಾರಿನ ಸೆಲ್ಫ್ ಕಿರುಗುಟ್ಟಿತೇ ಹೊರತು ಇಂಜಿನ್ ಹತ್ತಲಿಲ್ಲ. ಮುಹೂರ್ತ ಹತ್ತಿರ ಬರುತ್ತಿತ್ತು. ಪೇಟ ಸುತ್ತಿಕೊಂಡ ನನಗೆ ಅಳುವೇ ಬಂತು.

ನಮ್ಮ ಜೊತೆ ಬರಲೆಂದು ರೇಷ್ಮೆ ಪಂಚೆಯುಟ್ಟು ಬಂದ ಪಳನಿಯಣ್ಣ ವಿಚಾರಣೆ ಶುರುಮಾಡಿದರು. ಕಾರು ಕೊನೆಯದಾಗಿ ಸ್ಟಾರ್ಟ್ ಆದದ್ದು ತ್ಯಾವರೆಕೊಪ್ಪದ ಸಫಾರಿಯಲ್ಲಿ, ಹುಲಿ ನೋಡಿಕೊಂಡು ಬರುವಾಗ. ಆಗ ಹಿಂದಿನ ಸೀಟಿನಲ್ಲಿ ಕೂತಿದ್ದವರು ಅಪ್ಪನ ಅಕ್ಕ, ಸರೋಜತ್ತೆ. ಭರ್ತಿ ಆಳು. ಈಗ ಬಸ್ಸಿನಲ್ಲಿ ಹೋಗಿಬಿಟ್ಟಿದ್ದರು.

“ಅಲ್ಲಿದೆ ನೋಡಿ! ಸೀಟಿನ ಕೆಳಗೆ ಪೆಟ್ರೋಲ್ ಪಂಪಿನ ವೈರು ಬಿಟ್ಕೊಂಡಿದೆ. ಅವ್ರು ಕೂತ್ರೆ ಕೂಡ್ಕೊಳ್ಳುತ್ತೆ.”

“ಹಾಗಾದ್ರೆ ಸೀಟು ಬಿಚ್ಚಿ, ಪಳನಿಯಣ್ಣ!”

“ಬೋಲ್ಟೆಲ್ಲ ತುಕ್ಕು ಹಿಡಿದಿದೆ ಮಾರಾಯ. ನಾನು ಬಿಚ್ಚೋ ಹೊತ್ತಿಗೆ ನಿನ್ನ ಮಾವ ಬೇರೆ ಗಂಡು ಹುಡುಕಿರ್ತಾರೆ. ನಿಮ್ಮತ್ತೆ ತೂಕದ್ದು ಮನೇಲಿ ಏನಿದೆ, ಅದು ಹೇಳು.”

ಹಿತ್ತಿಲಲ್ಲಿ ಒರಳುಕಲ್ಲಿತ್ತು. ಅಕ್ಕಪಕ್ಕದವರೆಲ್ಲ ಸೇರಿ ಉಸ್ಸಪ್ಪಾ ಎಂದು ಹೊತ್ತು ತಂದು ಅತ್ತೆಯ ಜಾಗದಲ್ಲಿ ಕೂರಿಸಿದರು. ಕೀ ತಿರುಗಿಸಿದ್ದೇ ತಡ, ಕಾರು ಗುರ್ರೆಂದಿತು.

ಛತ್ರದ ಮುಂದೆ ಆರತಿ ಹಿಡಿದು ನಿಂತಿದ್ದ ಹೆಣ್ಣಿನ ತಾಯಿ, ಮದುಮಗನ ಪಕ್ಕ ಕೂತ ಒರಳುಕಲ್ಲನ್ನು ನೋಡಿ ಒಂದು ಕ್ಷಣ ತಡವರಿಸಿದರು. ಆಮೇಲೆ ನನಗೂ ಅದಕ್ಕೂ ಕುಂಕುಮವಿಟ್ಟು ಆರತಿ ಎತ್ತಿದರು. “ಗಂಡಿನ ಕಡೆಯ ಪದ್ಧತಿನಾ?” ಎಂದು ಮೆಲ್ಲಗೆ ಕೇಳಿದರು. ಪಳನಿಯಣ್ಣ ಕೈಮುಗಿದು, “ಹೂನಮ್ಮ, ಮನೆಗೆ ದೊಡ್ಡೋರು” ಎಂದುಬಿಟ್ಟರು.

ವಿಷಯ ಸರೋಜತ್ತೆಗೆ ತಿಳಿಯದೇ ಇರುತ್ತದೆಯೇ? “ನನ್ನ ಬದ್ಲಿಗೆ ಒರಳುಕಲ್ಲಾ? ಇನ್ನು ಆ ಪಳನಿ ಮುಖ ನೋಡಿದ್ರೆ ಕೇಳಿ!” ಅಂದಿನಿಂದ ಅವರು ಎದುರು ಬಂದರೆ ಅತ್ತೆ ಸೆರಗು ಕೊಡವಿಕೊಂಡು ರಸ್ತೆ ದಾಟುತ್ತಿದ್ದರು.

ಹೋದ ವರ್ಷ ಪಳನಿಯಣ್ಣ ತೀರಿಕೊಂಡರು. ಅವರನ್ನು ಸ್ಮಶಾನಕ್ಕೆ ಒಯ್ಯುತ್ತಿದ್ದ ಹಳೆಯ ವ್ಯಾನು ಅವರ ಗ್ಯಾರೇಜಿನ ಎದುರಿಗೇ ಕೆಟ್ಟು ನಿಂತಿತು. ಬೀದಿಯ ಗಂಡಸರೆಲ್ಲ ಇದ್ದೆವು, ತಳ್ಳಲು ಒಬ್ಬರೂ ಕೈಹಚ್ಚಲಿಲ್ಲ. ಕೊನೆಗೆ ಯಾರೋ ಡ್ರೈವರನ್ನು ಕೇಳಿಯೇಬಿಟ್ಟರು: “ಕೊನೆ ಸಲ ಸ್ಟಾರ್ಟ್ ಆದಾಗ ಯಾರ್ಯಾರು ಎಲ್ಲೆಲ್ಲಿದ್ರಿ?”

ಅವನು ಕಕ್ಕಾಬಿಕ್ಕಿಯಾದ. “ನಾನು ಮುಂದೆ ಕೂತಿದ್ದೆ ಸಾರ್. ಹಿಂದೆ ಒಬ್ರು ಮಲಗಿದ್ರು.”

ಎಲ್ಲರೂ ಅವರವರ ಜಾಗದಲ್ಲೇ ಇದ್ದರು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಗುಂಪು ಸೀಳಿಕೊಂಡು ಸರೋಜತ್ತೆ ಬಂದರು. ಕಣ್ಣು ಕೆಂಪಾಗಿತ್ತು. “ತಳ್ರೋ” ಎಂದು ವ್ಯಾನಿಗೆ ತಾವೇ ಮೊದಲು ಕೈಯಿಟ್ಟರು. “ಬೈದ್ರೆ ನನ್ನನ್ನೇ ಬೈಲಿ.”

ತಳ್ಳಿದೆವು. ವ್ಯಾನು ಹೊರಟಿತು. ಯಾರೂ ಬೈಯಲಿಲ್ಲ.