ಕಂಡಕ್ಟರ್ ಪಳಗಿಸಿದ ಕುದುರೆ

ನಮ್ಮಪ್ಪ ಮಾಲೂರು–ಮಾಸ್ತಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆದ ದಿನ ಚೀಲ, ಟಿಕೆಟ್ ಮೆಷಿನ್ನು ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದರು, ಕೊರಳಿನ ವಿಸಲ್ ಮಾತ್ರ ತೆಗೆಯಲಿಲ್ಲ. ಅದು ತನ್ನ ಸ್ವಂತದ್ದು ಅನ್ನುತ್ತಿದ್ದರು. ಆಮೇಲೆ ಅವರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಬೆಳಿಗ್ಗೆ ಮಾಸ್ತಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಮುಂದೆ ಹೋಗುವ ಬಸ್ಸು ಲೇಟೋ ಟೈಮಿಗೆ ಸರಿಯೋ ಎಂದು ತೀರ್ಪು ಕೊಡುವುದು, ಮಧ್ಯಾಹ್ನ ಮುದ್ದೆ ಉಂಡು ಮತ್ತೆ ಜಗಲಿಗೆ ಬರುವುದು. ಬರಬರುತ್ತ ತೀರ್ಪು ಕೊಡುವುದನ್ನೂ ಬಿಟ್ಟರು. ಬಸ್ಸು ಬಂದರೂ ತಲೆ ಎತ್ತುತ್ತಿರಲಿಲ್ಲ. ಫ್ಯಾಕ್ಟರಿ ಶಿಫ್ಟು ಮುಗಿಸಿ ಬರುವಾಗ ದೂರದಿಂದಲೇ ಅವರನ್ನು ಹಾಗೆ ಕಂಡರೆ ನನಗೆ ಸಂಕಟವಾಗುತ್ತಿತ್ತು, ಮನೆಯೊಳಗೆ ಬಂದ ಮೇಲೆ ಆ ಸಂಕಟ ಸಿಟ್ಟಾಗಿ ಯಾರ ಮೇಲಾದರೂ ಇಳಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ಅವರ ಬಸ್ಸಿನ ಹಳೆಯ ಡ್ರೈವರ್, ಶ್ರೀನಿವಾಸಪುರದ ಕಡೆಯವನು, ತನ್ನ ಟೆಂಪೋದಲ್ಲಿ ಒಂದು ಬಿಳಿ ಹೆಣ್ಣು ಕುದುರೆಯನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಮದುವೆ ಮೆರವಣಿಗೆಗೆಂದು ಅವನು ಸಾಕಿದ ಕುದುರೆ. ಮೊದಲನೇ ಮದುವೆಯಲ್ಲೇ ಅದು ಬ್ಯಾಂಡಿನವರ ಸದ್ದಿಗೆ ಬೆಚ್ಚಿ, ಮದುಮಗನನ್ನು ಹೊತ್ತುಕೊಂಡು ಟೊಮೊಟೊ ತೋಟಕ್ಕೆ ನುಗ್ಗಿತ್ತಂತೆ. ಮದುಮಗ ಓಡಿಹೋದ ಎಂದೇ ಹೆಣ್ಣಿನ ಕಡೆಯವರು ತಿಳಿದರಂತೆ. "ಚಾಲಾ ಮಂಚಿದಿ ಅಣ್ಣಾ, ತುಂಬಾ ಒಳ್ಳೇದು, ಬಲೇ ಸಾಧು. ಸದ್ದಾಗ್ಬಾರ್ದು ಅಷ್ಟೆ. ನಿಮ್ಮತ್ರ ಇರ್ಲಿ," ಎಂದ.

ಅಪ್ಪ ಜಗಲಿಯಿಂದ ಎದ್ದರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ಎದ್ದದ್ದನ್ನು ನಾನು ನೋಡಿದ್ದು.

ಅಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. ಅವಳದು ರೇಷ್ಮೆ ಹುಳು ಸಾಕುವ ಕೆಲಸ. ಹುಳುವಿಗೆಂದು ತಂದಿಟ್ಟ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಕುದುರೆ ಬಂದ ದಿನವೇ ತಿಂದು ಮುಗಿಸಿತ್ತು. ಜೊತೆಗೆ ಅವಳಿಗೆ ಅಪ್ಪನ ಮೇಲೆ ಒಂದು ಹಳೆಯ ಸಿಟ್ಟಿತ್ತು, ಮನೆಯಲ್ಲಿ ಏನೇ ಜಗಳವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳು ರೇಷ್ಮೆ ಗೂಡಿನ ಚೀಲ ಹಿಡಿದು ಮಾಸ್ತಿ ಸ್ಟಾಪಿನಲ್ಲಿ ನಿಂತಿದ್ದಳಂತೆ. ಅಪ್ಪನ ಬಸ್ಸು ಬಂತು, ತುಂಬಿತ್ತು. ಅಪ್ಪ ಫುಟ್‌ಬೋರ್ಡಿನಿಂದಲೇ "ಹಿಂದೆ ಖಾಲಿ ಬಸ್ ಬರ್ತಾ ಇದೆ" ಎಂದು ಎರಡು ವಿಸಲ್ ಹೊಡೆದು ಹೋಗಿಬಿಟ್ಟರು. ಹಿಂದೆ ಯಾವ ಬಸ್ಸೂ ಬರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಎಲ್ಲರಿಗೆ ಹೇಳುವ ಸುಳ್ಳನ್ನೇ ಹೇಳಿದರಲ್ಲ ಎನ್ನುವುದು ಅವಳ ನೋವು.

ಮಾಲೂರಿನ ಹತ್ತಿರ ಕುದುರೆ ಸವಾರಿ ಕಲಿಸುವ ಒಂದು ತೋಟವಿದೆ. ಅಲ್ಲಿ ಹೊಸ ಕುದುರೆಗಳಿಗೆಂದು ಶೋ ಇಟ್ಟಿದ್ದರು. ಹಗ್ಗ ಹಿಡಿದು ಒಂದು ಸುತ್ತು ನಡೆಸಬೇಕು, ಜಡ್ಜ್ ಎದುರು ಅಲ್ಲಾಡದಂತೆ ನಿಲ್ಲಿಸಬೇಕು, ಗಂಟೆ ಬಾರಿಸುವುದರೊಳಗೆ ಬಾಗಿಲಿಗೆ ವಾಪಸ್ ಬರಬೇಕು. ಅಪ್ಪ ಆ ಸುದ್ದಿ ತಂದಾಗ ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು.

"ಪ್ರೈಜ್ ಬಂದ್ರೆ ಇಲ್ಲಿರ್ಲಿ. ಬರ್ಲಿಲ್ಲ ಅಂದ್ರೆ ಅಲ್ಲಿಂದ ಹಾಗೇ ಶ್ರೀನಿವಾಸಪುರಕ್ಕೆ ಹತ್ಸಿ. ಮನೆ ಬಾಗ್ಲಿಗೆ ತರ್ಬೇಡಿ," ಎಂದಳು.

ಅಪ್ಪ ಒಪ್ಪಿಕೊಂಡರು. ಹೋಗುವುದು ಬರೀ ಕುದುರೆಯಲ್ಲ, ಅಪ್ಪ ಮತ್ತೆ ಆ ಜಗಲಿಗೆ ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು.

ತಾಲೀಮು ಶುರುವಾಯಿತು. ಕುದುರೆ ಪಳಗಿಸುವ ವಿಡಿಯೋಗಳನ್ನು ಅಪ್ಪ ನನ್ನ ಫೋನಿನಲ್ಲಿ ನೋಡಿದರು. ಬಿಳಿ ಪ್ಯಾಂಟಿನ ಹೆಂಗಸೊಬ್ಬಳು ಕುದುರೆಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. "ಇದೆಲ್ಲ ನಮ್ ರೂಟಿಗೆ ಆಗಲ್ಲ ಕಣೇ," ಎಂದು ಫೋನು ವಾಪಸ್ ಕೊಟ್ಟರು. ತನಗೆ ಗೊತ್ತಿದ್ದ ವಿದ್ಯೆ ಒಂದೇ, ಅದನ್ನೇ ಕುದುರೆಗೆ ಕಲಿಸಿದರು. ಒಂದು ವಿಸಲ್ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಬ್ಯಾಂಡಿಗೆ ಹೆದರಿದ ಕುದುರೆ ವಿಸಲ್ಲಿಗೆ ಯಾಕೆ ಹೆದರಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ವಾರದೊಳಗೆ ಪಾಠ ಒಪ್ಪಿಸತೊಡಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪ್ಯಾಸೆಂಜರ್ ಇಲ್ಲದೆ ಸ್ಟಾಪ್ ಎಂಥದು ಎಂದು ಅಪ್ಪನಿಗೆ ಅನ್ನಿಸಿತು. ತಿಪ್ಪೆಯ ಪಕ್ಕದ ಬೇವಿನ ಮರ ಮಾಸ್ತಿ ಸ್ಟಾಪಾಯಿತು, ಕಲ್ಲಿನ ಬಾನಿ ಮಾಲೂರು ಬಸ್ ಸ್ಟ್ಯಾಂಡಾಯಿತು. ನಾನೂ ಪಕ್ಕದ ಮನೆಯ ಅಜ್ಜಿಯೂ ಚೀಲ ಹಿಡಿದು ನಿಲ್ಲಬೇಕು. ಕುದುರೆ ಬಂದು ನಮ್ಮ ಮುಂದೆ ನಿಲ್ಲುತ್ತದೆ. ಟಿಕೆಟ್ಟಿಗೆ ಬದಲು ಒಂದು ಚೂರು ಬೆಲ್ಲ ಕೊಡಬೇಕು. ಆಮೇಲೆ ಎರಡು ವಿಸಲ್. ಅಜ್ಜಿ ಒಂದು ದಿನ ಬೆಲ್ಲ ಮರೆತು ಬಂದು, "ಹೆಂಗಸರಿಗೆ ಫ್ರೀ ಅಲ್ವೇನಪ್ಪಾ, ನಂಗ್ಯಾಕೆ ಟಿಕೆಟ್ಟು?" ಎಂದು ಜಗಳಕ್ಕೆ ನಿಂತಳು. ಅಪ್ಪ ಯೋಚಿಸಿ ನೋಡಿ, ಅಜ್ಜಿ ಹೇಳುವುದು ಸರಿ ಎಂದು ಒಪ್ಪಿದರು. ಆದರೆ ಕುದುರೆ ಒಪ್ಪಲಿಲ್ಲ, ಅಜ್ಜಿಯ ಚೀಲಕ್ಕೇ ಮೂತಿ ಹಾಕಿತು.

"ಅಪ್ಪಾ, ಶೋನಲ್ಲಿ ಯಾರೂ ಬಸ್ ಹತ್ತಲ್ಲಪ್ಪಾ," ಎಂದು ನಾನು ರೇಗಿದೆ.

"ಕೈಯಲ್ಲಿ ಚೀಲ ಇರೋರ್ನ ಬಿಟ್ಟೋಗೋದು ಇದಕ್ಕೆ ಅಭ್ಯಾಸ ಆಗ್ಬಾರ್ದು," ಎಂದರು ಅಪ್ಪ. ಮನೆಯೊಳಗೆ ಸೊಪ್ಪು ಹೆಚ್ಚುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಮ್ಮ ಮಾತ್ರ ಒಂದು ದಿನವೂ ಆ ಬೇವಿನ ಮರದ ಕೆಳಗೆ ಬಂದು ನಿಲ್ಲಲಿಲ್ಲ.

ಶೋ ದಿನ ಶ್ರೀನಿವಾಸಪುರದವನು ಟೆಂಪೋ ತಂದ. ಅಮ್ಮ ತಾನೂ ಬರುತ್ತೇನೆ ಎಂದು ಚೀಲ ಹಿಡಿದು ಹತ್ತಿ ಕೂತಳು. ಕುದುರೆಯನ್ನು ವಾಪಸ್ ಕಳಿಸುವುದನ್ನು ಕಣ್ಣಾರೆ ನೋಡಲು ಬಂದಿದ್ದಾಳೆ ಎಂದುಕೊಂಡು ನಾನು ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ.

ತೋಟದ ಕುದುರೆಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ನಮ್ಮದು ಹಣೆಗೆ ಅರಿಶಿನ ಕುಂಕುಮ ಇಟ್ಟುಕೊಂಡು ನಿಂತಿತ್ತು. ಅಪ್ಪನಿಗೆ ಮಂಡಿ ನೋವು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಅವರ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು. ಹಾಗಾಗಿ ಹಗ್ಗ ಹಿಡಿಯುವುದು ನನ್ನ ಪಾಲಿಗೆ ಬಂತು. ವಿಸಲ್ ಕೊಡಿ ಎಂದರೆ ಕೊಡಲಿಲ್ಲ, ಡ್ಯೂಟಿ ವಿಸಲ್ ಕೈ ಬದಲಾಗಬಾರದಂತೆ. ಬೇಲಿಯ ಆಚೆಯಿಂದ ಊದಬಹುದೇ ಎಂದು ಶೋನವರನ್ನು ಕೇಳಿದರು. ಅವರಿಗೆ ಏನು ಅರ್ಥವಾಯಿತೋ, ಊದಿಕೊಳ್ಳಿ ಎಂದರು.

ಎರಡು ವಿಸಲ್ ಬಿತ್ತು, ಹೊರಟೆವು. ಜಡ್ಜ್ ಎದುರಿಗೆ ಬಂದಾಗ ಒಂದು. ಕುದುರೆ ಕಂಬದಂತೆ ನಿಂತಿತು, ಕಿವಿ ಕೂಡ ಅಲ್ಲಾಡಿಸಲಿಲ್ಲ. ಜಡ್ಜಮ್ಮ ಮೆಚ್ಚಿ ತಲೆಯಾಡಿಸಿದಳು. ಪ್ರೈಜ್ ನಮ್ಮದೇ ಎಂದುಕೊಂಡೆ.

ಆಮೇಲೆ ಬೇಲಿಯ ಪಕ್ಕದ ದಾರಿ ಬಂತು. ಬೆಂಗಳೂರಿನಿಂದ ಬಂದ ಹೆಂಗಸರು ಸಾಲಾಗಿ ಬೇಲಿಗೆ ಒರಗಿ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬ್ಯಾಗು. ಕುದುರೆ ಮೊದಲನೆಯವಳ ಮುಂದೆ ನಿಂತಿತು. ಅಪ್ಪ ಎರಡು ವಿಸಲ್ ಹೊಡೆದರು. ಮುಂದಿನವಳ ಮುಂದೆ ಮತ್ತೆ ನಿಂತಿತು. ಅಪ್ಪ ಬೇಲಿಯಾಚೆ ಕುಂಟುತ್ತ ಜೊತೆಗೇ ಬರುತ್ತ, "ಹೆಂಗಸ್ರಿಗೆ ಟಿಕೆಟ್ಟಿಲ್ಲ ಕಣಮ್ಮಾ, ಕೇಳ್ಬೇಡ, ನಡಿ ನಡಿ," ಎಂದು ಕುದುರೆಗೆ ಹೇಳುತ್ತಿದ್ದರು. ಜನ ಬಿದ್ದು ಬಿದ್ದು ನಕ್ಕರು. ನಾನು ನಾಚಿಕೆಯಿಂದ ನೆಲ ನೋಡಿಕೊಂಡೇ ನಡೆದೆ. ಆದರೂ ಸಾಲು ಮುಗಿಯಿತು. ಬಾಗಿಲು ಕಣ್ಣಿಗೆ ಕಾಣುತ್ತಿತ್ತು, ಗಂಟೆ ಇನ್ನೂ ಬಾರಿಸಿರಲಿಲ್ಲ.

ಬಾಗಿಲ ಹತ್ತಿರ ಅಮ್ಮ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಚೀಲ ಹಿಡಿದುಕೊಂಡು.

ಕುದುರೆ ಅವಳ ಮುಂದೆ ಹೋಗಿ ನಿಂತಿತು. ನಾನು ಹಗ್ಗ ಜಗ್ಗಿದೆ, ಜಗ್ಗಲಿಲ್ಲ. ಹಿಂತಿರುಗಿ ನೋಡಿದರೆ ಅಪ್ಪ ವಿಸಲನ್ನು ತುಟಿಗೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟಿದ್ದಾರೆ.

"ಅಪ್ಪಾ, ಹೊಡೀರಿ ವಿಸಲ್ಲು. ಟೈಮಾಯ್ತು," ಎಂದೆ.

ಅಪ್ಪ ವಿಸಲ್ ಕೆಳಗಿಳಿಸಿದರು. "ಪ್ಯಾಸೆಂಜರ್ ಇದಾರೆ ಕಣೇ. ಬಿಟ್ಟೋಗೋಕಾಗಲ್ಲ," ಎಂದರು.

ಅಮ್ಮ ಅವರನ್ನೇ ನೋಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ತೆಗೆದು ಕುದುರೆಯ ಬಾಯಿಗೆ ಹಿಡಿದಳು. ಚೀಲದ ತುಂಬ ಸೊಪ್ಪೇ ಇತ್ತು. "ದೂರ ಹೋಗೋ ಪ್ರಾಣಿ, ದಾರಿಗೆ ಇರ್ಲಿ ಅಂತ ತಂದೆ," ಎಂದಳು. ದಾರಿಯಲ್ಲಿ ಅವಳ ಮೇಲೆ ಮುನಿಸಿಕೊಂಡು ಕೂತಿದ್ದಕ್ಕೆ ನನಗೆ ಅಳು ಬಂತು. ಕುದುರೆ ಅವಸರವಿಲ್ಲದೆ ತಿನ್ನುತ್ತಲೇ ಇತ್ತು. ಅಷ್ಟರಲ್ಲಿ ಗಂಟೆ ಬಾರಿಸಿದರು.

ಪ್ರೈಜ್ ಪಕ್ಕದ ತೋಟದ ಕಂದು ಕುದುರೆಗೆ ಹೋಯಿತು. ನಮ್ಮದನ್ನು ಟೆಂಪೋ ಹತ್ತಿಸಿದೆವು. ಹಿಂದೆ ಕುದುರೆಯ ಜೊತೆ ನಾನು, ಮುಂದೆ ಅಪ್ಪ ಅಮ್ಮ. ರಸ್ತೆಗೆ ಬಂದ ಮೇಲೆ ಶ್ರೀನಿವಾಸಪುರದವನು ವೇಗ ತಗ್ಗಿಸಿ, ಎತ್ತ ತಿರುಗಿಸಲಿ ಎಂದು ಅಪ್ಪನನ್ನು ಕೇಳಿದ. ಅಪ್ಪ ಅಮ್ಮನ ಕಡೆ ನೋಡಿದರು. ಅವಳಿಗೆ ಕೊಟ್ಟ ಮಾತು ಮಾತೇ.

"ಮಾಸ್ತಿಗೆ ನಡಿಯಪ್ಪಾ. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು," ಎಂದಳು ಅಮ್ಮ.

ಅಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಎರಡು ವಿಸಲ್ ಹೊಡೆದೇಬಿಟ್ಟರು. ಹಿಂದೆ ಕುದುರೆ ಹೊರಟಿತು. ನನ್ನ ಕಾಲು ತುಳಿದುಕೊಂಡು, ಹಲಗೆಯ ಮೇಲೆ ದಡಬಡ ಹೆಜ್ಜೆ ಹಾಕಿ, ಡ್ರೈವರನ ಬೆನ್ನ ಹಿಂದಿನ ತಗಡಿಗೆ ಎದೆ ಕೊಟ್ಟು ತಳ್ಳತೊಡಗಿತು. ಟೆಂಪೋ ಓಲಾಡಿತು, ಡ್ರೈವರ್ ತೆಲುಗಿನಲ್ಲಿ ದೇವರನ್ನು ಕರೆದ. ಅಮ್ಮ ಅಪ್ಪನ ಕೊರಳಿನಿಂದ ವಿಸಲ್ ಕಿತ್ತುಕೊಂಡು ಜೋರಾಗಿ ಒಂದು ಸಲ ಊದಿದಳು. ಕುದುರೆ ನಿಂತಿತು. ಹೆದರಿಕೆಗೋ ಅಭ್ಯಾಸಬಲಕ್ಕೋ ಡ್ರೈವರನೂ ಬ್ರೇಕ್ ತುಳಿದು ಟೆಂಪೋ ನಿಲ್ಲಿಸಿದ.

ಅಪ್ಪ ಕೈ ಚಾಚಿದರು. ಅಮ್ಮ ವಿಸಲ್ ಕೊಡಲಿಲ್ಲ. ಅದನ್ನು ಸೆರಗಿನಲ್ಲಿ ಒರೆಸಿ ತನ್ನ ಕೊರಳಿಗೇ ಹಾಕಿಕೊಂಡು, "ಈಗ ಹೊರಡಪ್ಪಾ," ಎಂದು ಡ್ರೈವರನಿಗೆ ಬಾಯಲ್ಲೇ ಹೇಳಿದಳು.