ಜಗದೇವಪ್ಪನವರ ‘ತಡೀ’
ಲಂಡನ್ನಿನ ಕೆಂಟನ್ ಬಡಾವಣೆಯ ಜಗದೇವಪ್ಪನವರು ಅಲ್ಲಿನ ಒಂದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅಸಿಸ್ಟೆಂಟ್ ಕೋಚು. ಹೆಡ್ ಕೋಚುಗಳು ಬರುತ್ತಾರೆ, ಹೋಗುತ್ತಾರೆ, ಇವರು ಮಾತ್ರ ಅಸಿಸ್ಟೆಂಟಾಗಿಯೇ ಗಟ್ಟಿ. ಎದುರಾಳಿಗಳು ನುಗ್ಗಿದರೆ ಸಾಕು, ಧಾರವಾಡದ ಗಂಟಲಲ್ಲಿ “ತಡೀ!” ಎಂದು ಗುಡುಗುತ್ತಾರೆ, ಆ ಒಂದು ಕನ್ನಡ ಮಾತು ಮಾತ್ರ ಕಲಿತ ಬೀರುವಿನಂಥ ಇಂಗ್ಲಿಷ್ ಹುಡುಗರು ಗೋಡೆಯಾಗಿ ಅಡ್ಡಗಟ್ಟುತ್ತಾರೆ. ಮನೆಯಲ್ಲಿ ಹೆಂಡತಿ ಪಾರ್ವತೆವ್ವ “ಹೆಡ್ ಯಾವಾಗ ಆಗ್ತೀರಿ?” ಅಂದರೂ ಅದೇ ಮಾತು, ಮೆತ್ತಗೆ: “ತಡೀ.” ಈ ಸಲವೂ ಪಟ್ಟ ಬೇರೆಯವರಿಗೆ ಹೋದಾಗ ಆಕೆ ಮೈದಾನಕ್ಕೇ ಬಂದು, ಕೋಟಿನ ಮೇಲೆ ಸೆರಗು ಬಿಗಿದು, ಕಾಲೇಜಿನ ಅಧಿಕಾರಿಯತ್ತ ದಾಪುಗಾಲು ಹಾಕಿದಳು. ಇವರು ಗಾಬರಿಯಲ್ಲಿ “ಏ, ತಡೀ!” ಅಂದದ್ದೇ ತಡ, ಹುಡುಗರೆಲ್ಲ ಓಡಿಬಂದು ಅವಳಿಗೆ ಅಡ್ಡ ನಿಂತರು. ಪಾರ್ವತೆವ್ವ ತಲೆಯೆತ್ತಿ ಆ ಗೋಡೆಯನ್ನು ನೋಡಿ ನಕ್ಕೇಬಿಟ್ಟಳು: “ಇಷ್ಟ್ ಮಂದಿ ನಿಮ್ಮ ಮಾತ್ ಕೇಳ್ತಾರ. ಇನ್ನ ಹೆಡ್ ಆಗೋದ್ ಏನೈತ್ರೀ?”