ಅಜ್ಜಿಯ ಮೊಣಕೈ ಹಿಡಿದ ಫಿಲೋಮಿನಮ್ಮ

ನಮ್ಮ ಅಜ್ಜಿ ಮಂಗಳಾರತಿ ಎತ್ತುವಾಗ ಫಿಲೋಮಿನಮ್ಮ ಹಿಂದೆ ನಿಂತು ಅಜ್ಜಿಯ ಮೊಣಕೈಯನ್ನು ಎರಡೂ ಅಂಗೈಯಲ್ಲಿ ಹೊತ್ತಿರುತ್ತಿದ್ದರು. ಆರತಿ ತಟ್ಟೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ನೀವೇ ಎತ್ತಿಬಿಡಿ, ಅವರಿಗೆ ಕೈ ನಡುಗುತ್ತೆ" ಎಂದು ಅಮ್ಮ ಹೇಳಿದಾಗ ತಲೆಯಾಡಿಸಿದರು. "ನಾನು ಎತ್ತಿದ್ರೆ ನಾಟಕ ಆಗುತ್ತೆ ಮೇಡಂ. ಪೂಜೆ ಅವ್ರದು, ಅವ್ರೇ ಮಾಡ್ಲಿ. ಕೈ ಬೀಳದ ಹಾಗೆ ನಾನು ನೋಡ್ಕೋತೀನಿ." ಕರ್ಪೂರ ಆರುವವರೆಗೂ ಹಾಗೇ ನಿಂತಿರುತ್ತಿದ್ದರು.

ಅಜ್ಜಿಯನ್ನು ನೋಡಿಕೊಳ್ಳಲು ಅವರು ದಿನಾ ಬೊಮ್ಮನಹಳ್ಳಿಯಿಂದ ಬಸ್ಸು ಹಿಡಿದು ಜೆ.ಪಿ. ನಗರದ ನಮ್ಮ ಮನೆಗೆ ಬರುತ್ತಿದ್ದರು. ಕನಕಪುರದ ಕಡೆಯವರು, ಗಂಡನಿಲ್ಲದವರು, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ಈಗ ಅಪಾರ್ಟ್‌ಮೆಂಟುಗಳೆದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರೆಕಾಯಿ ಬೆಳೆದಿದ್ದ ನಮ್ಮಜ್ಜಿಗೆ ಫಿಲೋಮಿನಮ್ಮನ ಹೆಸರು ನಾಲಿಗೆಗೆ ಹತ್ತಲೇ ಇಲ್ಲ. "ಪಿಲ್ಲಮ್ಮ" ಎಂದೇ ಕರೆದರು. ಅವರೂ ಓಗೊಟ್ಟರು.

ಅಜ್ಜಿಗಿದ್ದದ್ದು ಹೊಟ್ಟೆಯ ಕ್ಯಾನ್ಸರ್. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು, ಅಜ್ಜಿಯೊಬ್ಬರನ್ನು ಬಿಟ್ಟು. ಅವರಿಗೆ ನಾವು ಹೇಳಿದ್ದು ಕರುಳು ಹುಣ್ಣು ಅಂತ. ರೋಗಿಗೆ ಹೇಳಿದರೆ ಎದೆ ಒಡೆದು ಬೇಗ ಹೋಗಿಬಿಡುತ್ತಾರೆ ಎನ್ನುವುದು ನಮ್ಮ ಕಡೆಯವರ ಗಟ್ಟಿ ನಂಬಿಕೆ. ಅಪ್ಪ ಎಷ್ಟು ಹುಷಾರೆಂದರೆ, ಆಸ್ಪತ್ರೆಯ ಹೆಸರು ಕಾಣದಿರಲೆಂದು ಫೈಲಿಗೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದರು. ಅಜ್ಜಿಗೆ ಓದಲು ಬರುವುದಿಲ್ಲ ಎನ್ನುವುದು ಯಾರಿಗೂ ನೆನಪಾಗಲಿಲ್ಲ.

ಕೆಲಸಕ್ಕೆ ಸೇರಿದ ದಿನವೇ ಅಪ್ಪ ಫಿಲೋಮಿನಮ್ಮನಿಗೂ ತಾಕೀತು ಮಾಡಿದರು. ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡು, "ನಾನಾಗಿ ಹೇಳಲ್ಲ ಸಾರ್. ಆದ್ರೆ ಅವ್ರೇ ಕೇಳಿದ್ರೆ ಸುಳ್ಳು ಹೇಳಕ್ಕಾಗಲ್ಲ. ಈ ಶಿಲುಬೆನ ಕೊರಳಿಗೆ ಹಾಕ್ಕೊಂಡು ಸುಳ್ಳು ಹೇಳಿದ್ರೆ ಜನ ನನ್ನ ಬೈಯಲ್ಲ, ಅವನನ್ನ ಬೈತಾರೆ" ಎಂದರು. ಅಪ್ಪ ನಕ್ಕು, "ಅಮ್ಮ ಎಲ್ಲಿ ಕೇಳ್ತಾರೆ ಬಿಡಿ" ಎಂದು ಕೈಬೀಸಿದರು.

ಮಧ್ಯಾಹ್ನ ಅಜ್ಜಿ ಮಲಗಿದಾಗ ಫಿಲೋಮಿನಮ್ಮ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಜಪಮಾಲೆ ಹಿಡಿದು ಕೂರುತ್ತಿದ್ದರು. ನಮ್ಮೆದುರಿಗೆ ದೇವರ ಮಾತು ತೆಗೆದದ್ದೇ ಇಲ್ಲ. ಒಮ್ಮೆ ಅಜ್ಜಿಯೇ, "ನಿಮ್ಮ ಸ್ವಾಮಿ ಹತ್ರ ನನ್ನ ಬಗ್ಗೆ ಹೇಳ್ತೀಯೇನೇ?" ಎಂದು ಕೆಣಕಿದರು.

"ದಿನಾ ಹೇಳ್ತೀನಿ ಅಜ್ಜಿ. ಬೇಡ ಅಂದ್ರೆ ನಿಲ್ಲಿಸ್ತೀನಿ."

"ನಿಲ್ಲಿಸ್ಬೇಡ ಕಣೇ. ಒಬ್ರಿಗಿಂತ ಇಬ್ರು ಮೇಲು."

ಅಜ್ಜಿಗೆ ಒಂದು ಕೊರಗಿತ್ತು. ಮಗಳು ಲಲಿತತ್ತೆ ಬೇರೆ ಜಾತಿಯ ಮೇಷ್ಟ್ರನ್ನು ಮದುವೆಯಾದಾಗ ಮನೆ ಬಾಗಿಲು ಹಾಕಿದ್ದು ಅಜ್ಜಿಯೇ. ನಾನು ಆಗಿನ್ನೂ ಹುಟ್ಟಿರಲಿಲ್ಲ. ಅತ್ತೆ ಇರುವುದು ಸುಬ್ರಹ್ಮಣ್ಯಪುರದಲ್ಲಿ, ಆಟೋದಲ್ಲಿ ಕೂತರೆ ಇಳಿಯುವಷ್ಟು ಹತ್ತಿರ. ಅಪ್ಪನೊಬ್ಬರನ್ನು ಬಿಟ್ಟರೆ ಆ ಮನೆ ಯಾರಿಗೂ ಗೊತ್ತಿಲ್ಲ. ಅಪ್ಪನ ಎದುರು ಆ ಹೆಸರು ಎತ್ತುವಂತಿಲ್ಲ. "ಹುಣ್ಣು ಮಾಯಲಿ, ನಾನೇ ನಡ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ" ಎನ್ನುತ್ತಾ ಅಜ್ಜಿ ದಿನ ತಳ್ಳುತ್ತಿದ್ದರು. ನಾವೂ ತಳ್ಳಲು ಬಿಟ್ಟೆವು.

ಒಂದು ಬೆಳಿಗ್ಗೆ ಫಿಲೋಮಿನಮ್ಮ ಅಜ್ಜಿಯ ತಲೆ ಬಾಚುತ್ತಿದ್ದರು, ನಾನು ಪಕ್ಕದಲ್ಲಿ ಹೂ ಕಟ್ಟುತ್ತಿದ್ದೆ. ಅಜ್ಜಿ ಕನ್ನಡಿಯಲ್ಲಿ ಅವರನ್ನೇ ನೋಡುತ್ತಾ ಕೇಳಿದರು. "ಪಿಲ್ಲಮ್ಮ, ನಾನು ಎದ್ದು ಓಡಾಡ್ತೀನೇನೇ?"

ಬಾಚಣಿಗೆ ನಿಂತಿತು. ಫಿಲೋಮಿನಮ್ಮ ಮುಂದೆ ಬಂದು ನೆಲದ ಮೇಲೆ ಕೂತು ಅಜ್ಜಿಯ ಪಾದ ಹಿಡಿದುಕೊಂಡರು. "ಇಲ್ಲ ಅಜ್ಜಿ."

ಅಜ್ಜಿಯ ಎದೆ ಒಡೆಯಲಿಲ್ಲ. ಅಳಲೂ ಇಲ್ಲ. "ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದರು. ಆಮೇಲೆ, "ನಂಗೆ ಲಲಿತ ಬೇಕು" ಎಂದರು.

ವಿಷಯ ತಿಳಿದು ಅಪ್ಪ ಕೂಗಾಡಿದ್ದನ್ನು ಇಡೀ ಬೀದಿ ಕೇಳಿಸಿಕೊಂಡಿತು. "ಸಾಯೋರನ್ನ ಹೆದರ್ಸಿ ನಿಮ್ಮ ಜಾತಿಗೆ ಸೇರಿಸ್ಕೊಳೋಕೆ ಬಂದಿದ್ದೀಯಾ?" ತಾರಸಿಯ ಜಪಮಾಲೆಯನ್ನು ಎದುರುಮನೆಯವರು ಆಗಲೇ ಕಥೆ ಮಾಡಿ ಅಪ್ಪನ ಕಿವಿಗೆ ಹಾಕಿದ್ದರು. ಫಿಲೋಮಿನಮ್ಮ "ಸೇರೋ ದಿನಾನೇ ಹೇಳಿದ್ದೆ ಸಾರ್" ಎಂದಷ್ಟೇ ಹೇಳಿ ಚೀಲ ತೆಗೆದುಕೊಂಡರು. ಅಜ್ಜಿಗೊಂದು ಮಾತು ಹೇಳಿ ಹೋಗುತ್ತೇನೆಂದರೂ ಅಪ್ಪ ಒಳಗೆ ಬಿಡಲಿಲ್ಲ. ಆಮೇಲೆ ಆ ಕಥೆ ನಮ್ಮ ಬಡಾವಣೆಯಲ್ಲೆಲ್ಲ ಸುತ್ತಿತು. ಈ ಕಡೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ.

ಅಜ್ಜಿ ಲಲಿತತ್ತೆಯನ್ನು ಕೇಳಿದಾಗೆಲ್ಲ ಅಪ್ಪ "ನಾಳೆ ಕರೆಸ್ತೀನಮ್ಮ, ನಾಳೆ" ಎನ್ನುತ್ತಲೇ ಇದ್ದರು. ಹೊಸದಾಗಿ ಬಂದ ನರ್ಸು ಚುರುಕಾಗಿದ್ದಳು, ಆರತಿಯನ್ನು ತಾನೇ ಎತ್ತಿ ಮುಗಿಸಿಬಿಡುತ್ತಿದ್ದಳು. ಅಜ್ಜಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು.

ಕೊನೆಗೊಂದು ಭಾನುವಾರ ಸಂಜೆ ಲಲಿತತ್ತೆ ತಾನಾಗಿಯೇ ಬಾಗಿಲಿಗೆ ಬಂದಳು. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆದರೆ ಅಷ್ಟರಲ್ಲಿ ಅಜ್ಜಿಯ ಮಾತು ನಿಂತು, ಪ್ರಜ್ಞೆ ಮಸುಕಾಗಿತ್ತು. "ಅಮ್ಮಾ, ನಾನು ಲಲಿತಾ" ಎಂದು ಅತ್ತೆ ಕಿವಿಯ ಹತ್ತಿರ ಕೂಗಿ ಕೂಗಿ ಸೋತಳು. ಗುರುತು ಸಿಕ್ಕಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಂಗಳವಾರ ಅಜ್ಜಿ ಹೋದರು. ನಾವು ಕಾಪಾಡಿದ ಆ ಗುಟ್ಟು ತಾಯಿ ಮಗಳ ಮಾತನ್ನು ತಿಂದುಹಾಕಿತು ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತೆಗೆ ಸುದ್ದಿ ಮುಟ್ಟಿಸಿದ್ದು ಫಿಲೋಮಿನಮ್ಮ. ತಲೆ ಬಾಚಿದ ಆ ಬೆಳಿಗ್ಗೆ, ನಾನು ಎದ್ದು ಹೋದಮೇಲೆ, ಲಲಿತಳನ್ನು ಹುಡುಕಿ ಹೇಳುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದರಂತೆ. ಗೊತ್ತಿದ್ದದ್ದು "ಸುಬ್ರಹ್ಮಣ್ಯಪುರದ ಮೇಷ್ಟ್ರ ಮನೆ" ಎಂದಷ್ಟೇ. ಕೆಲಸ ಹೋದಮೇಲೂ ಚರ್ಚಿನಿಂದ ನೇರ ಅಲ್ಲಿಗೆ ಬಸ್ಸು ಹತ್ತಿ, ಒಂದು ಭಾನುವಾರ ಬರಿಗೈಯಲ್ಲಿ ಮರಳಿ, ಮುಂದಿನ ಭಾನುವಾರ ಬೀದಿ ಬೀದಿ ಕೇಳಿಕೊಂಡು ಮನೆ ಹಿಡಿದರು. ಇದನ್ನು ಅತ್ತೆ ನನಗೆ ಹೇಳಿದ್ದು ಅಜ್ಜಿಯ ಹೆಣದ ಪಕ್ಕದಲ್ಲಿ ಕೂತು.

ಮಣ್ಣಿಗೆ ಒಯ್ಯುವ ಮೊದಲು ಫಿಲೋಮಿನಮ್ಮ ಬಂದು ಗೇಟಿನ ಹೊರಗೆ ನಿಂತರು. ಅಪ್ಪ ನೋಡಿದರು, ಮುಖ ತಿರುಗಿಸಿದರು. ನಾನು ಓಡಿಹೋದೆ.

"ನನ್ನ ಕೇಳಿದ್ರಾ?" ಎಂದರು.

"ದಿನಾ ಕೇಳಿದ್ರು. ನೀವು ಊರಿಗೆ ಹೋದ್ರಿ ಅಂತ ಅಪ್ಪ ಹೇಳ್ಬಿಟ್ರು."

"ನಂಬಿದ್ರಾ?"

ಇಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು. ಆ ಮುಖದ ಮುಂದೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. "ನಂಬಿದ್ರು. 'ಪಿಲ್ಲಮ್ಮ ಮಾತು ಕೊಟ್ಟು ಹೋಗ್ಬಿಟ್ಲು' ಅಂದ್ರು. ಅದೇ ಅವ್ರ ಕೊನೇ ಮಾತು."

ಅವರ ಕೈ ಶಿಲುಬೆಯ ಹತ್ತಿರ ಹೋಯಿತು, ಹಿಡಿದುಕೊಂಡಿತು. ಆಮೇಲೆ, "ನಿಜ ಹೇಳಿದ್ಯಲ್ಲ ಮಗಾ, ಒಳ್ಳೇದಾಯ್ತು" ಎಂದು ನನ್ನ ಮೊಣಕೈ ಒಮ್ಮೆ ಹಿಡಿದು, ಬಿಟ್ಟು, ಬಸ್‌ಸ್ಟಾಪಿನ ಕಡೆ ನಡೆದರು. ಮತ್ತೆ ನಾನು ಅವರನ್ನು ನೋಡಲಿಲ್ಲ.